ಗಾಜಿನೊಳಗಿನ ಮೋಡ

ಮೋಡದ ಮೇಲೆ ಬಿಸಿಲು ಬಿದ್ದಾಗ ಏಳುವ ಬಣ್ಣಗಳನ್ನು ಗಾಜಿನ ಪಾತ್ರೆಯೊಳಗೆ ಮತ್ತೆ ಮೂಡಿಸಬೇಕೆಂಬ ಹಂಬಲ ಚಾರ್ಲ್ಸ್ ಥಾಮ್ಸನ್ ರೀಸ್ ವಿಲ್ಸನ್ ಅವರಲ್ಲಿ ಹುಟ್ಟಿದ್ದು 1894ರ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ನೆತ್ತಿಯ ಮೇಲೆ. 1,345 ಮೀಟರ್ ಎತ್ತರದ ಈ ಬೆಟ್ಟ ಬ್ರಿಟನ್ನಿನಲ್ಲೇ ಎಲ್ಲಕ್ಕಿಂತ ಎತ್ತರದ್ದು. 1883ರಿಂದ 1904ರವರೆಗೆ ಅದರ ತುದಿಯಲ್ಲಿ ಒಂದು ಹವಾಮಾನ ವೀಕ್ಷಣಾಲಯ ನಡೆಯಿತು. ದಪ್ಪ ಕಲ್ಲಿನ ಗೋಡೆಗಳು, ಚಳಿಗಾಲದಲ್ಲಿ ಹಿಮ ಬಾಗಿಲನ್ನೇ ಮುಚ್ಚಿಬಿಟ್ಟಾಗ ಹೊರಗೆ ಬರಲು ಒಂದು ಗೋಪುರ, ಕೆಳಗಿನ ಫೋರ್ಟ್ ವಿಲಿಯಂ ಪಟ್ಟಣದ ಜೊತೆ ತಂತಿ ಸಂಪರ್ಕ. ಹಗಲು ರಾತ್ರಿ ಎನ್ನದೆ ಗಂಟೆಗೊಮ್ಮೆ ಉಷ್ಣತೆ, ಒತ್ತಡ, ಗಾಳಿ, ಮಳೆ ಬರೆದಿಡುವುದು ಅಲ್ಲಿದ್ದವರ ಕೆಲಸ. ಕಾಯಂ ಸಿಬ್ಬಂದಿಗೆ ಬಿಡುವು ಕೊಡಲು ಬೇಸಿಗೆಯ ತಿಂಗಳುಗಳಲ್ಲಿ ಹೊರಗಿನವರು ಬಂದು ನಿಲ್ಲುತ್ತಿದ್ದರು. ಕೇಂಬ್ರಿಜ್‌ನಲ್ಲಿ ಓದು ಮುಗಿಸಿದ್ದ ಇಪ್ಪತ್ತೈದರ ವಿಲ್ಸನ್ ಎರಡು ವಾರಕ್ಕೆ ಹಾಗೆ ಬಂದವರು.

ವರ್ಷದ ಬಹುಪಾಲು ಮಂಜಿನಲ್ಲೇ ಮುಳುಗಿರುವ ಆ ನೆತ್ತಿ ಈ ದಿನಗಳಲ್ಲಿ ಆಗಾಗ ಮೋಡದಿಂದ ಮೇಲೆದ್ದು ನಿಲ್ಲುತ್ತಿತ್ತು. ಸುತ್ತಲೂ ಕಣಿವೆಗಳನ್ನು ತುಂಬಿದ ಮೋಡದ ಸಮುದ್ರ, ಅದರ ಮೇಲೆ ಓರೆಯಾಗಿ ಬೀಳುವ ಬೆಳಗಿನ ಬಿಸಿಲು. ಅಲ್ಲಿ ಕಂಡ ಎರಡು ದೃಶ್ಯಗಳನ್ನು ವಿಲ್ಸನ್ ಜೀವಮಾನವಿಡೀ ಮರೆಯಲಿಲ್ಲ. ತೆಳು ಮೋಡ ಸೂರ್ಯನ ಮುಂದೆ ಹಾಯುವಾಗ ಸೂರ್ಯನನ್ನೇ ನಡುವಿಟ್ಟುಕೊಂಡು ಮೂಡುವ ಬಣ್ಣದ ವಲಯಗಳು ಒಂದು. ಇದಕ್ಕೆ ಕರೋನಾ ಎಂದು ಹೆಸರು. ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ, ಕೆಳಗಿನ ಮಂಜಿನ ಮೇಲೆ ಬಿದ್ದ ತನ್ನದೇ ನೆರಳಿನ ತಲೆಯ ಸುತ್ತ ಕಾಣುವ ಪುಟ್ಟ ಬಣ್ಣದ ಪ್ರಭಾವಳಿ ಇನ್ನೊಂದು, ಅದು ಗ್ಲೋರಿ. ಬೆಟ್ಟದ ತುದಿಯ ನೆರಳಿಗೂ ಈ ಪ್ರಭಾವಳಿ ಕಟ್ಟುತ್ತಿತ್ತು. ಪಕ್ಕದಲ್ಲಿ ಇಬ್ಬರು ನಿಂತಿದ್ದರೆ ಪ್ರತಿಯೊಬ್ಬರಿಗೂ ತಮ್ಮ ತಲೆಯ ಸುತ್ತಲಿನದು ಮಾತ್ರ ಕಾಣುತ್ತದೆ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಈ ದಿನಗಳ ನೆನಪನ್ನು ವಿಲ್ಸನ್ ಎರಡು ಕಡೆ ದಾಖಲಿಸಿದ್ದಾರೆ: 1927ರ ಡಿಸೆಂಬರಿನ ನೊಬೆಲ್ ಉಪನ್ಯಾಸದಲ್ಲಿ, ಮತ್ತು ಕೊನೆಗಾಲದಲ್ಲಿ ಬರೆದು, 1959ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದ ಬಾಲ್ಯ-ಯೌವನದ ನೆನಪುಗಳಲ್ಲಿ. ತಮ್ಮ ಇಡೀ ವೈಜ್ಞಾನಿಕ ಬದುಕು ಆ ಎರಡು ವಾರಗಳಲ್ಲಿ ಕಂಡದ್ದರಿಂದಲೇ ಬೆಳೆದು ಬಂತು ಎಂಬ ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೆ ಆ ಬೆಳವಣಿಗೆಯ ದಾರಿ ನೇರವಾಗಿರಲಿಲ್ಲ. ಬಣ್ಣಗಳನ್ನು ಹುಡುಕಿ ಹೊರಟವರಿಗೆ ಸಿಕ್ಕಿದ್ದು ಬೇರೆಯೇ. ಬಣ್ಣಗಳ ಪ್ರಶ್ನೆ ಬೇರೆ ಊರುಗಳಲ್ಲಿ, ಬೇರೆಯವರ ಕೈಯಲ್ಲಿ ಬಿಡಿಸಿಕೊಂಡಿತು.

ಬೆಟ್ಟದ ಮೇಲೆ ಬಣ್ಣ ಕಾಣುತ್ತದೆ ನಿಜ, ಆದರೆ ಅದನ್ನು ಹಿಡಿದು ನಿಲ್ಲಿಸಿ ಪ್ರಶ್ನಿಸಲಾಗದು. ಗಾಳಿ ಒಂದು ಕ್ಷಣದಲ್ಲಿ ಹನಿಗಳನ್ನು ಬದಲಾಯಿಸುತ್ತದೆ. ವಲಯಗಳ ಅಳತೆಯೋ ಹನಿಯ ಗಾತ್ರಕ್ಕೆ ಕಟ್ಟುಬಿದ್ದಿದೆ. ಹನಿಯ ಅಂಚನ್ನು ಸುತ್ತಿ ಬಾಗುವ ಬೆಳಕಿನ ಅಲೆಗಳ ವಿವರ್ತನೆಯಿಂದ ಕರೋನಾ ಉಂಟಾಗುತ್ತದೆ. ಹನಿ ಚಿಕ್ಕದಾದಷ್ಟೂ ವಲಯ ದೊಡ್ಡದು. 20 ಮೈಕ್ರಾನ್ ವ್ಯಾಸದ ಹನಿಗಳಾದರೆ ಕಿತ್ತಳೆ ಬೆಳಕಿನ ಮೊದಲ ಕಪ್ಪು ವಲಯ ಸೂರ್ಯನಿಂದ ಸುಮಾರು 2 ಡಿಗ್ರಿ ದೂರದಲ್ಲಿ ಬೀಳುತ್ತದೆ, 10 ಮೈಕ್ರಾನ್ ಆದರೆ 4 ಡಿಗ್ರಿ ದೂರದಲ್ಲಿ. ಹನಿಗಳೆಲ್ಲ ಒಂದೇ ಗಾತ್ರದವಾಗಿದ್ದರೆ ಬಣ್ಣಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬಗೆಬಗೆಯ ಗಾತ್ರಗಳು ಬೆರೆತರೆ ಒಂದರ ಕೆಂಪು ಇನ್ನೊಂದರ ನೀಲಿಯ ಮೇಲೆ ಬಿದ್ದು ಮಾಸಲು ಬಿಳಿ ಮಾತ್ರ ಉಳಿಯುತ್ತದೆ. ಆದ್ದರಿಂದ ಮೋಡದ ಬೆಳಕನ್ನು ಅಭ್ಯಾಸ ಮಾಡಬೇಕಾದವರಿಗೆ ಮೊದಲು ಬೇಕಾದದ್ದು ಹನಿಯ ಗಾತ್ರದ ಮೇಲೆ ಹಿಡಿತ, ಮತ್ತು ಅದು ಬೆಟ್ಟದ ಮೇಲೆ ಸಾಧ್ಯವಿಲ್ಲ.

ವಲಯದಿಂದ ಕಣದ ಗಾತ್ರ ತಿಳಿಯುವ ಉಪಾಯ ಆ ವೇಳೆಗೆ ಹಳೆಯದೇ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ಇದೇ ತತ್ವದ ಮೇಲೆ ಉಣ್ಣೆಯ ಎಳೆಗಳ ದಪ್ಪ ಅಳೆಯುವ ಸಾಧನ ಮಾಡಿದ್ದರು. ಕೃತಕ ಮೋಡ ಮಾಡುವ ವಿಧಾನವೂ ಸಿದ್ಧವಿತ್ತು. ಫ್ರಾನ್ಸಿನ ಕೂಲಿಯೇ ಎಂಬವರು 1875ರಲ್ಲಿ, ಸ್ವಲ್ಪ ನೀರಿದ್ದ ಗಾಜಿನ ಬುರುಡೆಯ ಗಾಳಿಯನ್ನು ರಬ್ಬರ್ ಚೆಂಡಿನಿಂದ ಒತ್ತಿ ಬಿಟ್ಟಾಗ ಒಳಗೆ ಮಂಜು ಕಟ್ಟುವುದನ್ನು ತೋರಿಸಿದ್ದರು. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಕತ್ತಿನ ಬಳಿ ಒಂದು ಕ್ಷಣ ಹೊಗೆಯಂತೆ ಕಾಣುವುದಕ್ಕೂ ಕಾರಣ ಒಂದೇ: ತಟ್ಟನೆ ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಅಷ್ಟು ಆವಿಯನ್ನು ಹೊತ್ತಿರಲಾರದು. ಬುರುಡೆಯನ್ನು ಕದಲಿಸದೆ ಬಹಳ ಹೊತ್ತು ಇಟ್ಟರೆ ಅಥವಾ ಗಾಳಿಯನ್ನು ಸೋಸಿ ಒಳಗೆ ಬಿಟ್ಟರೆ ಮಂಜು ಕಟ್ಟುವುದಿಲ್ಲ ಎಂಬುದನ್ನೂ ಕೂಲಿಯೇ ಕಂಡಿದ್ದರು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಇದನ್ನು ಮುಂದುವರಿಸಿ, ಪ್ರತಿ ಹನಿಯೂ ಕಣ್ಣಿಗೆ ಕಾಣದ ಒಂದು ಧೂಳಿನ ಕಣದ ಮೇಲೆ ಕೂಡಿಕೊಳ್ಳುತ್ತದೆ ಎಂದು ಖಚಿತಪಡಿಸಿದರು. ಬೆಳಕಿನ ಕಡೆಯಿಂದಲೂ ಒಬ್ಬರು ಇಲ್ಲಿಗೆ ಬಂದಿದ್ದರು. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದ ಮೇಲೆ ಲೋಕದ ಹಲವೆಡೆ ಸೂರ್ಯನ ಸುತ್ತ ಕಂದುಗೆಂಪು ವಲಯ ಕಾಣಿಸಿಕೊಂಡಾಗ, ಜರ್ಮನಿಯ ಕೀಸ್ಲಿಂಗ್ ಪಾತ್ರೆಯೊಳಗೆ ಮಂಜು ಕಟ್ಟಿಸಿ, ಅದರ ಮೂಲಕ ಬೆಳಕು ಹಾಯಿಸಿ ಆ ಬಣ್ಣಗಳನ್ನು ಮರಳಿ ತೋರಿಸಲು ಹೊರಟಿದ್ದರು.

ಹೀಗಾಗಿ 1895ರ ಆರಂಭದಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ವಿಲ್ಸನ್ ಕೈಹಾಕಿದ್ದು ಹೊಸ ಉಪಾಯಕ್ಕಲ್ಲ, ಹಳೆಯದನ್ನು ಹೆಚ್ಚು ಶುದ್ಧವಾಗಿ ಮಾಡುವುದಕ್ಕೆ. ಈ ಶುದ್ಧತೆಯ ಹಟವೇ ಎಲ್ಲವನ್ನೂ ಬದಲಿಸಿತು. ಗಾಜನ್ನು ಅವರೇ ಊದಿ ರೂಪಿಸಿಕೊಳ್ಳುತ್ತಿದ್ದರು. ಹಿಗ್ಗುವಿಕೆ ಎಷ್ಟು ಎಂದು ಪ್ರತಿಸಲ ಖಚಿತವಾಗಿ ಹೇಳಬರುವಂತೆ ಉಪಕರಣ ಕಟ್ಟಿಕೊಂಡರು. ಧೂಳು ತೆಗೆಯಲು ಸರಳ ದಾರಿ ಹಿಡಿದರು: ಒಮ್ಮೆ ಗಾಳಿ ಹಿಗ್ಗಿಸಿ ಮೋಡ ಕಟ್ಟಿಸುವುದು, ಹನಿಗಳು ತಮ್ಮೊಳಗಿನ ಧೂಳನ್ನು ಹೊತ್ತು ತಳಕ್ಕೆ ಇಳಿಯುವವರೆಗೆ ಕಾಯುವುದು, ಮತ್ತೆ ಹಿಗ್ಗಿಸುವುದು. ಕೆಲವು ಸುತ್ತು ಕಳೆದ ಮೇಲೆ ಪಾತ್ರೆಯಲ್ಲಿ ಮೋಡವೇ ಕಟ್ಟದು. ಮೋಡ ಮಾಡಲು ಹೊರಟವರು ಹೀಗೆ ಮೊದಲು ಮೋಡವಾಗದ ಗಾಳಿಯನ್ನು ಮಾಡಿದರು. ಅದನ್ನೇ ಇನ್ನಷ್ಟು ಹಿಗ್ಗಿಸಿದರೆ ಏನಾಗುತ್ತದೆ ಎಂದು ನೋಡುವ ಕುತೂಹಲ ಅವರಿಗಿತ್ತು. ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವಾದ ಹೆಜ್ಜೆ ಇದು.

ಗಾಳಿಯ ಗಾತ್ರ 1.25 ಪಟ್ಟಿಗಿಂತ ಕಡಿಮೆ ಹಿಗ್ಗಿದರೆ ಪಾತ್ರೆ ತಿಳಿಯಾಗಿಯೇ ಉಳಿಯಿತು. ಆ ಗಡಿಯಲ್ಲಿ ಉಷ್ಣತೆ ಸುಮಾರು 25 ಡಿಗ್ರಿಯಷ್ಟು ಕುಸಿದಿರುತ್ತದೆ, ಆವಿ ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟು ತುಂಬಿರುತ್ತದೆ. ಗಡಿ ದಾಟಿದ ಕೂಡಲೇ ಕೆಲವೇ ಕೆಲವು ಹನಿಗಳು ಮಳೆಯ ಹಾಗೆ ಉದುರಿದವು. ಮತ್ತೆ ಮತ್ತೆ ಮಾಡಿದರೂ ಅವುಗಳ ಸಂಖ್ಯೆ ತಗ್ಗಲಿಲ್ಲ; ಅಂದರೆ ಅವು ಉಳಿದಿದ್ದ ಧೂಳಲ್ಲ, ಗಾಳಿಯಲ್ಲೇ ಸತತವಾಗಿ ಹುಟ್ಟುತ್ತಿರುವ ಏನೋ ಬೇರೆ ಬೀಜ. ಹಿಗ್ಗುವಿಕೆ 1.38ರ ಹತ್ತಿರ ಬಂದಾಗ ನೋಟ ಪೂರಾ ಬದಲಾಗಿ, ಪಾತ್ರೆ ತುಂಬ ದಟ್ಟ ಕಾವಳ ಕವಿಯಿತು. ಆವಿ ಎಂಟು ಪಟ್ಟಿನ ಸುಮಾರಿಗೆ ತುಂಬಿರುವ ಈ ಹಂತದಲ್ಲಿ ನೀರಿನ ಅಣುಗಳಿಗೆ ಯಾವ ಬೀಜವೂ ಬೇಕಾಗುವುದಿಲ್ಲ. 1895ರ ಮೇ ತಿಂಗಳಲ್ಲಿ ಧೂಳಿಲ್ಲದೆ ಮೋಡವಾಗುವ ಬಗೆಯ ಕುರಿತು ವಿಲ್ಸನ್ನರ ಮೊದಲ ಪ್ರಬಂಧ ಕೇಂಬ್ರಿಜ್ ಫಿಲಾಸಫಿಕಲ್ ಸೊಸೈಟಿಯ ಮುಂದೆ ಬಂತು.

ಬೆನ್ ನೆವಿಸ್ ಮೇಲೆ ಕಂಡ ಬಣ್ಣಗಳು ಪಾತ್ರೆಯಲ್ಲಿ ಮೂಡಿದವೇ? ಮೂಡಿದವು. ಹನಿಗಳೆಲ್ಲ ಒಂದೇ ಕ್ಷಣದಲ್ಲಿ ಹುಟ್ಟಿ ಒಂದೇ ಗತಿಯಲ್ಲಿ ಬೆಳೆಯುವುದರಿಂದ ಅವುಗಳ ಗಾತ್ರದಲ್ಲಿ ಹೆಚ್ಚು ಅಂತರವಿರುವುದಿಲ್ಲ. ಬೆಟ್ಟದ ಮೋಡ ಅಪರೂಪಕ್ಕೆ ಕೊಡುವ ಶುದ್ಧ ವಲಯಗಳನ್ನು ಗಾಜಿನ ಮೋಡ ಬೇಕೆಂದಾಗ ಕೊಡುತ್ತದೆ. ಹಿಗ್ಗುವಿಕೆಯನ್ನು ಚೂರುಚೂರೇ ಹೆಚ್ಚಿಸಿದಂತೆ ಬಣ್ಣಗಳು ಒಂದರ ಹಿಂದೆ ಒಂದು ಸರಿದುಹೋದವು. ಆದರೆ ವಿಲ್ಸನ್ನರ ಕಣ್ಣಿನಲ್ಲಿ ಬಣ್ಣದ ಸ್ಥಾನ ಆ ವೇಳೆಗೆ ಬದಲಾಗಿತ್ತು. ಅರ್ಥ ಮಾಡಿಕೊಳ್ಳಬೇಕಾದ ವಿಷಯವಾಗಿದ್ದ ಬಣ್ಣ ಈಗ ಅಳತೆಗೋಲಾಯಿತು. ಬಣ್ಣದಿಂದ ಹನಿಯ ಗಾತ್ರ, ಗಾತ್ರ ಮತ್ತು ಇಳಿದ ನೀರಿನ ಪ್ರಮಾಣದಿಂದ ಹನಿಗಳ ಸಂಖ್ಯೆ, ಸಂಖ್ಯೆಯಿಂದ ಬೀಜಗಳ ಲೆಕ್ಕ. ಒಂದು ಸೌಂದರ್ಯ ಹೀಗೆ ಉಪಕರಣವಾಗಿ ಮಾರ್ಪಟ್ಟಿದ್ದರಲ್ಲಿ ನಷ್ಟವೇನೂ ಇಲ್ಲ. ಬಣ್ಣ ಇಷ್ಟು ನಂಬಿಕಸ್ಥ ಎಂದು ಗೊತ್ತಾದದ್ದೇ ಅದರಿಂದ.

1895ರ ಕೊನೆಗೆ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ ಸುದ್ದಿ ಬಂತು. ಮರುವರ್ಷದ ಆರಂಭದಲ್ಲೇ ವಿಲ್ಸನ್ ತಮ್ಮ ಪಾತ್ರೆಯ ಮೇಲೆ ಆ ಕಿರಣಗಳನ್ನು ಹಾಯಿಸಿದರು. ಅದೇ 1.25ರ ಗಡಿ, ಆದರೆ ನಾಲ್ಕಾರು ಹನಿಗಳ ಬದಲು ಇಳಿಯಲು ನಿಮಿಷಗಟ್ಟಲೆ ತೆಗೆದುಕೊಳ್ಳುವ ದಟ್ಟ ಮಂಜು. ಗಾಳಿಯಲ್ಲಿ ಸದಾ ಹುಟ್ಟುತ್ತಿದ್ದ ಬೀಜಗಳು ವಿದ್ಯುದಂಶ ಹೊತ್ತ ಅಯಾನುಗಳು ಎಂಬ ಗುಟ್ಟು ಅಲ್ಲಿಂದ ಬಿಚ್ಚಿಕೊಂಡಿತು. ಮುಂದಿನ ಕಥೆ ಭೌತವಿಜ್ಞಾನದ ಪಠ್ಯಗಳಲ್ಲೆಲ್ಲ ಇದೆ: ಜೆ. ಜೆ. ಥಾಮ್ಸನ್ ಎಲೆಕ್ಟ್ರಾನಿನ ವಿದ್ಯುದಂಶ ಅಳೆಯಲು ಈ ಮೋಡವನ್ನೇ ಬಳಸಿದ್ದು, 1911ರಲ್ಲಿ ಒಂದೊಂದೇ ಕಣ ಹಾದುಹೋದ ಜಾಡು ಹನಿಗಳ ಸಾಲಾಗಿ ಕಂಡದ್ದು, ಮೇಘಕೋಷ್ಠ ಎಂಬ ಉಪಕರಣ ರೂಪುಗೊಂಡದ್ದು, 1927ರ ನೊಬೆಲ್ ಪಾರಿತೋಷಕ.

ಆ ಪಠ್ಯಗಳು ಸಾಮಾನ್ಯವಾಗಿ ಹೇಳದ ಒಂದು ಸಂಗತಿಯಿದೆ. ಮೇಘಕೋಷ್ಠದಲ್ಲಿ ಕಣ ಕಾಣುವುದಿಲ್ಲ, ಹನಿಗಳು ಚದುರಿಸಿದ ಬೆಳಕು ಕಾಣುತ್ತದೆ. ಹಾಗಾಗಿ ಬಿಟ್ಟುಹೋದಂತಿದ್ದ ಹಳೆಯ ವಿಷಯ ಉಪಕರಣದ ಹೊಟ್ಟೆಯಲ್ಲೇ ಉಳಿದುಕೊಂಡಿತ್ತು. ಪಾತ್ರೆಯ ತಳಕ್ಕೆ ಶಾಯಿ ಬೆರೆಸಿ ಕಪ್ಪಾಗಿಸಿದ ಜೆಲಟಿನ್ ಲೇಪ, ಪಕ್ಕದಿಂದ ಪಾದರಸದ ಆವಿಯ ಮೂಲಕ ಹಾಯುವ ವಿದ್ಯುತ್ ಕಿಡಿಯ ಕ್ಷಣಿಕ ಬೆಳಕು: ಇವೆಲ್ಲ ಹನಿಗಳು ಚದುರಿಸುವ ಮಂದ ಬೆಳಕನ್ನು ಫೋಟೋ ಫಲಕದ ಮೇಲೆ ಹಿಡಿಯಲು ಮಾಡಿದ ಏರ್ಪಾಡು. ನೀರಿನ ಹನಿ ಬೆಳಕಿನ ಬಹುಪಾಲನ್ನು ಮುಂದಕ್ಕೇ ಎಸೆಯುತ್ತದೆ, ಪಕ್ಕಕ್ಕೆ ಕೊಡುವುದು ತೀರ ಕಡಿಮೆ. ಮೇಘಕೋಷ್ಠದ ಚಿತ್ರ ತೆಗೆದವರೆಲ್ಲರೂ ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವಾಗ ಈ ಗುಣದೊಂದಿಗೆ ಹೊಂದಾಣಿಕೆ ಮಾಡಿಕೊಳ್ಳಬೇಕಾಯಿತು.

ಇಷ್ಟಾದರೂ ಗ್ಲೋರಿ ಬಿಡಿಸದ ಒಗಟಾಗಿಯೇ ಇತ್ತು. ಮೋಡದ ಒಳಪದರಗಳಿಂದ ಪ್ರತಿಫಲಿಸಿ ಹಿಂದಿರುಗುವ ಬೆಳಕು ಹೊರಪದರದ ಹನಿಗಳಲ್ಲಿ ವಿವರ್ತನೆಗೊಂಡು ಪ್ರಭಾವಳಿ ಮೂಡಿಸುತ್ತದೆ, ಅದು ತಿರುವುಮುರುವಾದ ಕರೋನಾ ಅಷ್ಟೆ, ಎಂಬುದು ಬಹುಕಾಲ ಒಪ್ಪಿತವಾಗಿದ್ದ ವಿವರಣೆ. ಅದನ್ನು ಪ್ರಯೋಗದಿಂದ ಪ್ರಶ್ನಿಸಿದ್ದು ಕಲ್ಕತ್ತೆಯಲ್ಲಿ. ಸಿ. ವಿ. ರಾಮನ್ ಅವರ ಸುತ್ತ ಕಟ್ಟಿಕೊಂಡಿದ್ದ ಬಳಗದ ಬಿಧುಭೂಷಣ ರಾಯ್, ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಕೃತಕ ಮೋಡಗಳ ಮೇಲೆ ಪ್ರಯೋಗ ನಡೆಸಿ, 1923ರಲ್ಲಿ ಫಲಿತಾಂಶ ಪ್ರಕಟಿಸಿದರು. ಗ್ಲೋರಿಗೆ ಮೋಡದ ಆಳ ಬೇಕಿಲ್ಲ, ಒಂದೊಂದು ಹನಿಯೂ ತಾನೇ ಹಿಂದಕ್ಕೆ ಚದುರಿಸುವ ಬೆಳಕಿನಿಂದ ಅದು ಉಂಟಾಗುತ್ತದೆ ಎಂಬುದು ಅವರ ತೀರ್ಮಾನ. ಬೆಟ್ಟದ ಮೇಲೆ ಎಷ್ಟು ವರ್ಷ ನಿಂತು ನೋಡಿದರೂ ಇದನ್ನು ಇತ್ಯರ್ಥಪಡಿಸಲಾಗುತ್ತಿರಲಿಲ್ಲ, ಏಕೆಂದರೆ ಮೋಡವನ್ನು ಬೇಕಾದಷ್ಟು ತೆಳುವಾಗಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ವಿಲ್ಸನ್ 1894ರಲ್ಲಿ ಮಾಡಬೇಕೆಂದುಕೊಂಡ ಕೆಲಸಕ್ಕೆ ಅತ್ಯಂತ ಹತ್ತಿರ ಬಂದದ್ದು ಈ ಪ್ರಯೋಗ ಎನ್ನಬೇಕು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಒಂದೇ ಹನಿ ಬೆಳಕನ್ನು ನೇರ ಹಿಂದಕ್ಕೆ ಹೇಗೆ ಕಳಿಸುತ್ತದೆ? ಗುಂಡಗಿನ ಕಣದಿಂದ ಬೆಳಕು ಚದುರುವುದಕ್ಕೆ ಪೂರ್ಣ ಗಣಿತ ಪರಿಹಾರವನ್ನು ಜರ್ಮನಿಯ ಗುಸ್ಟಾಫ್ ಮೀ 1908ರಲ್ಲೇ ಕೊಟ್ಟಿದ್ದರು. ಲೆಕ್ಕ ಹಾಕಿದರೆ ಅದರಲ್ಲಿ ಗ್ಲೋರಿ ಇದ್ದೇ ಇದೆ, ಆದರೆ ಯಾಕೆ ಇದೆ ಎಂದು ಆ ಸಮೀಕರಣಗಳು ಹೇಳವು. ಕಿರಣಗಳ ಭಾಷೆಯಲ್ಲಿ ನೋಡಿದರೆ ಒಂದು ಕೊರತೆ ಎದುರಾಗುತ್ತದೆ. ಹನಿಯ ಅಂಚನ್ನು ಸವರಿ ಒಳಹೊಕ್ಕು, ಒಳಗೆ ಒಮ್ಮೆ ಪ್ರತಿಫಲಿಸಿ, ಮತ್ತೆ ಅಂಚಿನಿಂದ ಹೊರಬರುವ ಕಿರಣ ಪೂರ್ತಿ ಹಿಂದಕ್ಕೆ ತಿರುಗಲು ಇನ್ನೂ 14.4 ಡಿಗ್ರಿ ಬಾಕಿ ಇರುತ್ತದೆ. ಡಚ್ ಖಗೋಳವಿಜ್ಞಾನಿ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ 1947ರಲ್ಲಿ ಸೂಚಿಸಿದ್ದು, ಬೆಳಕು ಹನಿಯ ಮೈಗಂಟಿಕೊಂಡು ಸ್ವಲ್ಪ ದೂರ ಸಾಗಿ ಈ ಅಂತರವನ್ನು ಮುಚ್ಚುತ್ತದೆ ಎಂದು. ಬ್ರೆಜಿಲ್‌ನ ನುಸೆನ್ಸ್‌ವೈಗ್ ಮುಂದೆ ಇದನ್ನು ವಿಸ್ತರಿಸಿ, ಹನಿಯನ್ನು ಮುಟ್ಟದೆ ಅದರ ಅಂಚಿನಾಚೆ ಹಾದುಹೋಗುವ ಬೆಳಕೂ ಒಳಗೆ ನುಸುಳಿ ಪಾಲ್ಗೊಳ್ಳುತ್ತದೆ ಎಂದು ತೋರಿಸಿದರು.

ಬೆಂಗಳೂರಿನ ಪಾಲೂ ಇಲ್ಲಿ ಇದೆ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1942ರಲ್ಲಿ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದ ಜಿ. ಎನ್. ರಾಮಚಂದ್ರನ್, ಮರುವರ್ಷವೇ ಕರೋನಾಗಳ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದರು. ಪ್ರೋಟೀನುಗಳ ರಚನೆಯ ಕೆಲಸದಿಂದ ಮುಂದೆ ಲೋಕಪ್ರಸಿದ್ಧರಾದ ಅದೇ ರಾಮಚಂದ್ರನ್ ಇವರು. ಮೋಡದ ಬದಲು ಅವರು ಬಳಸಿದ್ದು ಲೈಕೊಪೋಡಿಯಂ ಪುಡಿ. ಇದು ಒಂದು ಬಗೆಯ ಪುಟ್ಟ ಸಸ್ಯದ ಬೀಜಕಣಗಳ ಪುಡಿ. ಕಣಗಳೆಲ್ಲ ಸುಮಾರು 30 ಮೈಕ್ರಾನಿನವು, ಒಂದಕ್ಕೊಂದು ಅಚ್ಚರಿಯೆನಿಸುವಷ್ಟು ಸಮ. ಗಾಜಿನ ಫಲಕದ ಮೇಲೆ ಇದನ್ನು ತೆಳ್ಳಗೆ ಉದುರಿಸಿ ಹಿಂದಿನಿಂದ ಒಂದು ಬೆಳಕಿನ ಚುಕ್ಕಿಯನ್ನು ನೋಡಿದರೆ ಮೋಡದ ಕರೋನಾ ಹಾಗೆಯೇ ಕಾಣುತ್ತದೆ, ಅದೂ ಕದಲದೆ. ಕದಲದ ಮೋಡ ಸಿಕ್ಕಿದ ಮೇಲೆ ವಲಯಗಳೊಳಗಿನ ಇನ್ನೊಂದು ಸೂಕ್ಷ್ಮ ಕಣ್ಣಿಗೆ ಬೀಳುತ್ತದೆ. ಒಂದೇ ಬಣ್ಣದ ಬೆಳಕಿನಲ್ಲಿ ವಲಯ ನುಣ್ಣಗಿರುವುದಿಲ್ಲ, ಚುಕ್ಕಿಚುಕ್ಕಿಯಾಗಿ ಹರಳುಗಟ್ಟಿದಂತಿರುತ್ತದೆ. ಅಸ್ತವ್ಯಸ್ತವಾಗಿ ಚೆಲ್ಲಿದ ಸಾವಿರಾರು ಕಣಗಳಿಂದ ಬಂದ ಅಲೆಗಳು ಒಂದೆಡೆ ಕೂಡಿ, ಒಂದೆಡೆ ಕಳೆದು ಹೀಗಾಗುತ್ತದೆ. ಈ ಏರಿಳಿತ ಸಂಭವನೀಯತೆಯ ನಿಯಮವನ್ನು ಪಾಲಿಸುತ್ತದೆಂದು ರಾಮಚಂದ್ರನ್ ಅಳೆದು ತೋರಿಸಿದರು. ಎರಡು ದಶಕಗಳ ತರುವಾಯ ಲೇಸರ್ ಬಂದಾಗ ಗೋಡೆಯ ಮೇಲೆ ಬಿದ್ದ ಅದರ ಬೆಳಕಿನಲ್ಲಿ ಎಲ್ಲರೂ ಕಂಡ ಚುಕ್ಕಿಗಳಿಗೆ ಕಾರಣ ಇದೇ. ನಿಜವಾದ ಮೋಡದಲ್ಲಿ ಹನಿಗಳು ಎಡೆಬಿಡದೆ ಓಡಾಡುವುದರಿಂದ ಚುಕ್ಕಿಗಳು ಅಳಿಸಿಹೋಗಿ ನಯವಾದ ವಲಯ ಉಳಿಯುತ್ತದೆ.

ಇಷ್ಟೆಲ್ಲ ಸಾಧಿಸಿದ ಗಾಜಿನ ಮೋಡಕ್ಕೆ ಮಿತಿಯೂ ಇದೆ. ಒಂದು ಘನ ಸೆಂಟಿಮೀಟರಿನಲ್ಲಿ 10 ಮೈಕ್ರಾನ್ ತ್ರಿಜ್ಯದ 100 ಹನಿಗಳಿವೆ ಎಂದಿಟ್ಟುಕೊಂಡರೆ, ಅಂಥ ಮೋಡದಲ್ಲಿ ಬೆಳಕು ಒಂದು ಹನಿಗೆ ತಾಗಿ ಮತ್ತೊಂದಕ್ಕೆ ತಾಗುವ ಮುನ್ನ ಸರಾಸರಿ 16 ಮೀಟರ್ ಸಾಗುತ್ತದೆ. ಅಂದರೆ ಆಗಸದ ಅದೇ ಮೋಡದ ಒಂದು ಮೀಟರ್ ತುಂಡನ್ನು ಪಾತ್ರೆಗೆ ತುಂಬಿದರೆ ಅದು ಬಹುಮಟ್ಟಿಗೆ ಪಾರದರ್ಶಕ. ಒಂದು ಹನಿಯ ಗುಣ ತಿಳಿಯಲು ಇದು ಅನುಕೂಲವೇ; ಒಮ್ಮೆ ಮಾತ್ರ ಚದುರಿದ ಬೆಳಕು ಬೇರೆ ಬೆಳಕಿನೊಂದಿಗೆ ಬೆರೆಯದೆ ಸಿಗುತ್ತದೆ. ಕರೋನಾ ಮತ್ತು ಗ್ಲೋರಿ ಒಂಟಿ ಹನಿಯ ಕೆಲಸವಾದ್ದರಿಂದಲೇ ಅವು ಪಾತ್ರೆಗೆ ಇಳಿದವು. ಆದರೆ ಮಳೆಗಾಲದ ದಟ್ಟ ಮೋಡ ಮೇಲಿನಿಂದ ಬೆಳ್ಳಗೆ, ಕೆಳಗಿನಿಂದ ಕಪ್ಪಗೆ ಕಾಣುವುದು ಬೆಳಕು ನೂರಾರು ಮೀಟರ್ ಆಳದಲ್ಲಿ ಹನಿಯಿಂದ ಹನಿಗೆ ಮತ್ತೆ ಮತ್ತೆ ಪುಟಿದು ಬಣ್ಣ ಕಳೆದುಕೊಳ್ಳುವುದರಿಂದ. ಅದನ್ನು ಚಿಕ್ಕದಾಗಿಸಿ ನೋಡಲು ಹನಿಗಳನ್ನು ಒತ್ತೊತ್ತಾಗಿ ತುಂಬಬೇಕು, ಇಲ್ಲವೇ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ಲಾಸ್ಟಿಕ್ ಗೋಲಿಗಳಂಥ ಬದಲಿ ವಸ್ತುಗಳ ಮೊರೆಹೋಗಬೇಕು.

ಈಗ ದೊಡ್ಡ ಪಾತ್ರೆಗಳೂ ಇವೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ಐಡಾ ಎಂಬ ಕೋಷ್ಠ 84 ಘನ ಮೀಟರಿನದು, 7 ಮೀಟರ್ ಎತ್ತರದ್ದು. ಪಂಪಿನಿಂದ ಗಾಳಿ ಎಳೆದು ಒಳಗಿರುವುದನ್ನು ಹಿಗ್ಗಿಸುವ ತತ್ವ ವಿಲ್ಸನ್ನರದೇ. ಲೇಸರ್ ಕಿರಣವೊಂದು ಅಡ್ಡಲಾಗಿ ಹಾಯುತ್ತದೆ. ಚದುರಿದ ಬೆಳಕನ್ನು ನೇರ ಮುಂದಿನಿಂದ 2 ಡಿಗ್ರಿಯಲ್ಲಿ, ಹಿಂದಕ್ಕೆ 178 ಡಿಗ್ರಿಯಲ್ಲಿ ಅಳೆಯುತ್ತಾರೆ. ಒಂದು ಕರೋನಾದ ದಿಕ್ಕು, ಇನ್ನೊಂದು ಗ್ಲೋರಿಯ ದಿಕ್ಕು. ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆಗಳು ಕಂಪಿಸುವ ದಿಕ್ಕು, ಎಷ್ಟು ಬದಲಾಯಿತೆಂದು ನೋಡಿ, ನೀರಿನ ಹನಿ ಹಿಮದ ಹರಳಾದ ಗಳಿಗೆಯನ್ನು ಅಲ್ಲಿ ಗುರುತಿಸಬಹುದು.

ಇಂದಿನ ಪ್ರಶ್ನೆಗಳೆಲ್ಲ ಬಹುಪಾಲು ಹಿಮದ ಹರಳಿನ ಸುತ್ತ ಇವೆ. ಹನಿ ಗೋಳ, ಅದರ ಗಣಿತ ಮುಗಿದ ಮಾತು. ಹರಳಿಗೆ ಷಟ್ಕೋನದ ಕಂಬ, ಬಿಲ್ಲೆ, ಹೂಗೊಂಚಲು ಎಂದು ಹಲವು ರೂಪ. ನುಣುಪಾದ ಷಟ್ಕೋನ ಹರಳು ಸೂರ್ಯನ ಸುತ್ತ 22 ಡಿಗ್ರಿ ದೂರದಲ್ಲಿ ವೃತ್ತ ಮೂಡಿಸಬೇಕು, ಆದರೆ ಎತ್ತರದ ಸಿರಸ್ ಮೋಡಗಳಲ್ಲಿ ಬಹಳಷ್ಟು ಸಲ ಆ ವೃತ್ತ ಕಾಣುವುದೇ ಇಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ, ಕೋಣೆಯ ಉಷ್ಣತೆಯಲ್ಲೂ ಕರಗದೆ ಉಳಿಯುವ, ಹಿಮದಂತೆಯೇ ಬೆಳಕನ್ನು ಬಾಗಿಸುವ ಸೋಡಿಯಂ ಫ್ಲೋರೋಸಿಲಿಕೇಟಿನ ಸೂಕ್ಷ್ಮ ಹರಳುಗಳನ್ನು ಬೆಳೆಸಿ, ಒಂದೊಂದನ್ನೇ ಎತ್ತಿ ಹಿಡಿದು ಪರೀಕ್ಷಿಸಿದರು. ಮೈ ಒರಟಾದ ಹರಳು ನುಣುಪಾದದ್ದಕ್ಕಿಂತ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ವೃತ್ತವನ್ನೂ ಅಳಿಸಿಹಾಕುತ್ತದೆ. ಸಿರಸ್ ಮೋಡ ಭೂಮಿಗೆ ಬರುವ ಬಿಸಿಲಿನಲ್ಲಿ ಎಷ್ಟನ್ನು ಬಾಹ್ಯಾಕಾಶಕ್ಕೆ ಮರಳಿಸುತ್ತದೆ ಎಂಬ ಹವಾಗುಣದ ಲೆಕ್ಕಕ್ಕೆ ಈ ಒರಟುತನ ನೇರವಾಗಿ ಸೇರುತ್ತದೆ. ಕಾರ್ಲ್ಸ್‌ರೂಹೆಯ ಕೋಷ್ಠದಲ್ಲಿ ಬೆಳೆದ ಹರಳುಗಳಲ್ಲೂ ಅದು ಕಂಡುಬಂದಿದೆ; ಬೆಳೆಯುವಾಗ ಹರಳಿಗೆ ಸಿಕ್ಕ ನೀರಾವಿ ಹೆಚ್ಚಿದಂತೆ ಅದರ ಮೈ ಹೆಚ್ಚು ಒರಟಾಗುತ್ತದೆ.